ಹೊಳೆಯ ಆಚೆ ದಡದ ರಸ್ತೆ: ಮಲೆನಾಡಿನಲ್ಲಿ ವಾಹನಗಳ ಕಾಟವಿಲ್ಲದೆ ಸೈಕಲ್ ತುಳಿಯುವುದು ಹೇಗೆ?

ಡಾಕ್ಟರು ಹೇಳಿದರೆಂದೋ, ಮಗ ಬೆಂಗಳೂರಿನಿಂದ ತಂದು ಬಿಟ್ಟುಹೋದನೆಂದೋ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಲವು ಮನೆಗಳ ಜಗಲಿಯಲ್ಲಿ ಈಗ ಗೇರ್ ಸೈಕಲ್ ನಿಂತಿದೆ. ನಿಂತೇ ಇದೆ. ಕೊಂಡ ಹೊಸದರಲ್ಲಿ ಒಂದೆರಡು ಬೆಳಿಗ್ಗೆ ಹೆದ್ದಾರಿಗೆ ಇಳಿದಿರುತ್ತೀರಿ. ತಿರುವಿನಲ್ಲಿ ಪ್ರವಾಸಿ ಬಸ್ಸು ಮೈಮೇಲೆ ಬಂದಂತಾಗಿ ಚರಂಡಿಗೆ ಸರಿದಿರುತ್ತೀರಿ. ಆಮೇಲೆ ಎದುರಾದ ಏರಿನಲ್ಲಿ ಉಸಿರು ಹತ್ತದೆ ತಳ್ಳಿಕೊಂಡು ವಾಪಸ್ಸು ಬಂದಿರುತ್ತೀರಿ. ‘ಘಟ್ಟದಲ್ಲಿ ಸೈಕಲ್ ಆಗುವ ಮಾತಲ್ಲ, ಅದೇನಿದ್ದರೂ ಬಯಲುಸೀಮೆಗೆ’ ಎಂಬ ತೀರ್ಮಾನಕ್ಕೆ ಅಷ್ಟು ಸಾಕು.

ತೀರ್ಮಾನ ತಪ್ಪು. ನೀವು ಹಿಡಿದ ರಸ್ತೆ ಸರಿಯಿರಲಿಲ್ಲ, ಅಷ್ಟೆ. ತುಂಗೆಯೂ ಭದ್ರೆಯೂ ಹರಿಯುವ ಈ ಮೂರು ತಾಲ್ಲೂಕಿನಲ್ಲಿ ಗಂಟೆಗಟ್ಟಲೆ ತುಳಿದರೂ ನಾಲ್ಕೈದು ಬೈಕು, ಒಂದು ಹಾಲಿನ ಗಾಡಿ ಬಿಟ್ಟರೆ ಬೇರೇನೂ ಸಿಗದ ರಸ್ತೆಗಳಿವೆ. ಅವನ್ನು ಹುಡುಕುವುದಕ್ಕೆ ಒಂದು ಕ್ರಮ ಇದೆ.

ಹೊಳೆ ಹಿಡಿದು ಹೋದರೆ ಏನು ಲಾಭ?

ನೀರು ಏರು ಹತ್ತುವುದಿಲ್ಲ. ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ನೆಮ್ಮಾರು ದಾಟಿ ಶೃಂಗೇರಿಗೆ ಬರುವಷ್ಟರಲ್ಲಿ ಬೆಟ್ಟದ ಅಬ್ಬರ ಬಿಟ್ಟಿರುತ್ತದೆ. ಶೃಂಗೇರಿ ಪೇಟೆ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ, ಕೆಳಗಿನ ತೀರ್ಥಹಳ್ಳಿ ಸುಮಾರು 590ರಲ್ಲಿ. ನಡುವೆ ಹರಿಹರಪುರದ ಬಳಸುದಾರಿಯಲ್ಲಿ ಇಷ್ಟುದ್ದ ಹರಿದೂ ಹೊಳೆ ಇಳಿಯುವುದು ಎಂಬತ್ತು ಮೀಟರಿನಷ್ಟು ಮಾತ್ರ. ಕೊಪ್ಪ ಪೇಟೆ ಮಾತ್ರ 760 ಮೀಟರಿನ ಆಸುಪಾಸಿನಲ್ಲಿ, ತುಂಗೆಗೂ ಭದ್ರೆಗೂ ನಡುವಿನ ದಿಣ್ಣೆಯ ಮೇಲೆ ಕೂತಿದೆ. ಕೊಪ್ಪದವರು ಯಾವ ದಿಕ್ಕಿಗೆ ಹೊರಟರೂ ಮೊದಲು ಇಳಿಯುತ್ತಾರೆ, ಸುಸ್ತಾದ ಮೇಲೆ ಬಿಸಿಲಿನಲ್ಲಿ ಹತ್ತುತ್ತಾರೆ. ಸೈಕಲ್ ಜಗಲಿ ಸೇರುವುದಕ್ಕೆ ಇದೇ ಮೊದಲ ಕಾರಣ ಎಂದು ನನ್ನ ಅನುಮಾನ.

ಹೊಳೆಯ ಪಕ್ಕದಲ್ಲೇ ರಸ್ತೆ ಹುಡುಕಲು ಹೋದರೆ ನಿರಾಸೆಯಾಗುತ್ತದೆ. ಮಲೆನಾಡಿನಲ್ಲಿ ದಡಕ್ಕೆ ಅಂಟಿಕೊಂಡು ರಸ್ತೆ ಮಾಡುವ ವಾಡಿಕೆ ಇಲ್ಲ, ಮಾಡಿದರೂ ಮಳೆಗಾಲದಲ್ಲಿ ಉಳಿಯುವುದಿಲ್ಲ. ಶೃಂಗೇರಿಯಲ್ಲಿ ತುಂಗೆ ಉಕ್ಕಿದಾಗ ಗಾಂಧಿ ಮೈದಾನಕ್ಕೆ ನೀರು ನುಗ್ಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ನೆಲದ ವರಸೆ ಹೀಗಿದೆ: ಹೊಳೆ, ಅದರ ಪಕ್ಕ ಗದ್ದೆ ಬಯಲು, ಆಮೇಲೆ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ, ಮನೆಯ ಹಿಂದೆ ಕಾಫಿ, ಬ್ಯಾಣ, ಕಾನು. ಊರ ರಸ್ತೆ ಓಡುವುದು ತೋಟ ಮುಗಿದು ಗುಡ್ಡ ಶುರುವಾಗುವ ಅಂಚಿನಲ್ಲಿ. ನಿಮಗೆ ಬೇಕಾದದ್ದು ಅದೇ ರಸ್ತೆ. ಹೊಳೆ ಆಗಾಗ ಮಾತ್ರ ಕಾಣುತ್ತದೆ, ಆದರೆ ಅದರ ಮಟ್ಟ ನಿಮ್ಮ ಜೊತೆಗೇ ಬರುತ್ತದೆ.

ಹಾಗೆಂದು ಅದು ಪೂರ್ತಿ ಸಪಾಟೂ ಅಲ್ಲ. ಗುಡ್ಡದಿಂದ ಇಳಿಯುವ ಪ್ರತಿ ಹಳ್ಳಕ್ಕೂ ರಸ್ತೆ ಒಮ್ಮೆ ತಗ್ಗಿ, ಮೋರಿ ದಾಟಿ, ಮತ್ತೆ ಏಳುತ್ತದೆ. ಲೆಕ್ಕ ಹಾಕಬೇಕಾದದ್ದು ಇವನ್ನು.

ರಸ್ತೆ ಹುಡುಕುವ ಬಗೆ

1. ಮೊದಲು ಹೆದ್ದಾರಿ ಯಾವ ದಡದಲ್ಲಿದೆ ನೋಡಿ. ಶಿವಮೊಗ್ಗ–ಮಂಗಳೂರು ರಾಷ್ಟ್ರೀಯ ಹೆದ್ದಾರಿ 169 ನಮ್ಮ ಸೀಮೆಯಲ್ಲಿ ಬಹುದೂರ ತುಂಗೆಯ ಕಣಿವೆಯನ್ನೇ ಹಿಡಿದು ಹೋಗುತ್ತದೆ. ಶೃಂಗೇರಿ–ನೆಮ್ಮಾರು ಭಾಗದಲ್ಲಂತೂ ಹೊಳೆ ಪಕ್ಕಕ್ಕೇ ಬರುತ್ತದೆ. ನೋಟ ಚೆಂದ, ಆದರೆ ಸೈಕಲ್ಲಿಗೆ ಅಲ್ಲ. ಲಾರಿ, ಬಸ್ಸು, ಕರಾವಳಿಯ ಕಾರುಗಳು ಎಲ್ಲ ಅಲ್ಲೇ. ನೀವು ಎದುರು ದಡಕ್ಕೆ ದಾಟಿ. ಒಂದು ದಡದಲ್ಲಿ ಒಳ್ಳೆಯ ರಸ್ತೆ ಇದ್ದಾಗ ಇನ್ನೊಂದು ದಡದ ರಸ್ತೆಗೆ ಆ ದಡದವರನ್ನು ಬಿಟ್ಟು ಯಾರೂ ಬರುವುದಿಲ್ಲ.

2. ಕಾರಿಗೆ ಮುಗಿದು ಸೈಕಲ್ಲಿಗೆ ಮುಗಿಯದ ರಸ್ತೆ ಹುಡುಕಿ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಹೊಳೆಯ ತನಕ ಬಂದು ನಿಲ್ಲುವ ರಸ್ತೆಗೆ ಹಾದುಹೋಗುವ ವಾಹನ ಇರುವುದಿಲ್ಲ. ಅಲ್ಲೊಂದು ತೂಗುಸೇತುವೆಯೋ ಕಾಲುಸಂಕವೋ ಇದ್ದರೆ ಆಚೆ ದಡದ ಅಂಥದೇ ಇನ್ನೊಂದು ರಸ್ತೆ ನಿಮಗೆ ಕೂಡಿಕೊಳ್ಳುತ್ತದೆ. ಎರಡು ಕುರುಡು ರಸ್ತೆ ಸೇರಿ ಒಂದು ಸುತ್ತು. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಮೊದಲ ತೂಗುಸೇತುವೆ ಕಟ್ಟಿದ ಮೇಲೆ ಮಲೆನಾಡು, ಕರಾವಳಿಯ ಹೊಳೆಗಳ ಮೇಲೆ ಇಂಥ ಸೇತುವೆಗಳು ಹೆಚ್ಚಿದವು. ಶಾಲೆಗೆ ಹೋಗುವ ಮಕ್ಕಳಿಗೆಂದು, ಆಸ್ಪತ್ರೆಗೆಂದು ಕಟ್ಟಿದವು ಅವು. ಸೈಕಲ್ಲಿನವರಿಗೆ ಸಿಕ್ಕಿದ್ದು ಪುಕ್ಕಟೆ ಲಾಭ.

3. ಮೊಬೈಲಿನ ನಕ್ಷೆಯಲ್ಲಿ ಉಪಗ್ರಹ ಚಿತ್ರ ತೆರೆದು ಹೊಳೆಯಿಂದ ಒಂದು ಕಿಲೋಮೀಟರಿನೊಳಗೆ ಅದರ ಜೊತೆಗೇ ಬಾಗುವ ತೆಳು ಗೆರೆಯನ್ನು ಹಿಡಿಯಿರಿ. ಗೆರೆ ಹೊಳೆ ಬಿಟ್ಟು ಹಾವಿನಂತೆ ಸುತ್ತತೊಡಗಿದರೆ ಗುಡ್ಡ ಹತ್ತುತ್ತಿದೆ ಎಂದು ತಿಳಿಯಿರಿ.

4. ದಾರಿಗೆ ಅಡ್ಡ ಬರುವ ಹಳ್ಳಗಳನ್ನು ಎಣಿಸಿ. ಹತ್ತು ಹಳ್ಳ ಇದ್ದು ಪ್ರತಿಯೊಂದಕ್ಕೂ ಹದಿನೈದು ಮೀಟರ್ ಇಳಿದು ಹತ್ತಬೇಕೆಂದರೆ ಒಟ್ಟು 150 ಮೀಟರ್ ಏರು. ನಕ್ಷೆ ತೋರಿಸುವ ದೂರಕ್ಕಿಂತ ಈ ಲೆಕ್ಕವೇ ಕಾಲಿಗೆ ಹತ್ತಿರ.

5. ಹೊರಡುವ ಮುಂಚೆ ಆ ಊರಿನವರೊಬ್ಬರನ್ನು ವಿಚಾರಿಸಿ. ನಕ್ಷೆಯಲ್ಲಿರುವ ಸಂಕ ಹೋದ ಮಳೆಗಾಲದಲ್ಲಿ ಕೊಚ್ಚಿಹೋಗಿರಬಹುದು. ‘ಎಷ್ಟು ದೂರ?’ ಎಂದು ಕೇಳಬೇಡಿ, ‘ಇಲ್ಲೇ, ಹತ್ರ’ ಎಂಬ ಉತ್ತರ ಮೊದಲೇ ತಯಾರಿರುತ್ತದೆ. ‘ಅಮ್ಮಾ, ಈ ದಾರೀಲಿ ಹೊಳೆ ದಾಟ್ಬೋದಾ? ಸೈಕಲ್ ಹೋಗುತ್ತಾ?’ ಎಂದು ಕೇಳಿ. ಅವರು ಮೊದಲು ‘ಯಾರ ಮನೆಗೆ?’ ಎಂದೇ ಕೇಳುತ್ತಾರೆ. ಬೇಸರಿಸದೆ ನಿಮ್ಮ ಊರು, ಮನೆ ಹೇಳಿ. ಒಂಟಿ ಮನೆಗಳ ಸೀಮೆಯಲ್ಲಿ ಅದು ಕಾವಲೂ ಹೌದು, ಉಪಚಾರವೂ ಹೌದು. ಹೇಳಿದ ಮೇಲೆ ನೀರು–ಬೆಲ್ಲ ಕುಡಿಯದೆ ಬಿಡುವುದು ಕಷ್ಟ.

ನಾಲೆ ಏರಿಯ ರಸ್ತೆ ಬೇಕೆಂದರೆ

ಯುರೋಪಿನಲ್ಲಿ ಹಳೆಯ ದೋಣಿ ಕಾಲುವೆಗಳ ದಡದಲ್ಲಿ, ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿಯಲ್ಲೇ ಈಗ ಸೈಕಲ್ ಓಡುತ್ತವೆ. ನಮ್ಮ ಮೂರು ತಾಲ್ಲೂಕಿನಲ್ಲಿ ದೊಡ್ಡ ನಾಲೆಗಳಿಲ್ಲ. ನಮ್ಮ ಭದ್ರೆಯ ಕಡೆ ಸುರಿದ ಮಳೆ ನಾಲೆಗೆ ಬೀಳುವುದು ಲಕ್ಕವಳ್ಳಿಯ ಅಣೆಕಟ್ಟು ದಾಟಿದ ಮೇಲೆ. ಅಲ್ಲಿಂದ ಎಡದಂಡೆ ನಾಲೆ ಭದ್ರಾವತಿ, ಶಿವಮೊಗ್ಗದ ಕಡೆಗೂ, ಬಲದಂಡೆ ನಾಲೆ ಚನ್ನಗಿರಿ ಹಾದು ದಾವಣಗೆರೆಯ ಕಡೆಗೂ ಹೋಗುತ್ತವೆ. ನಾಲೆ ಹರಿಯಬೇಕೆಂದರೆ ನೂರಾರು ಮೀಟರಿಗೆ ಕೆಲವೇ ಅಂಗುಲ ಇಳಿಜಾರು ಸಾಕು. ಹಾಗಾಗಿ ಏರಿಯ ಮೇಲೆ ತುಳಿದಷ್ಟೂ ಸಪಾಟು. ಮೊಣಕಾಲು ನೋವಿರುವವರು, ಮಕ್ಕಳನ್ನು ಕಲಿಸುವವರು ಒಂದು ದಿನ ಸೈಕಲ್ಲನ್ನು ಪಿಕಪ್ಪಿಗೆ ಏರಿಸಿ ಭದ್ರಾವತಿ ಕಡೆ ಹೋಗಿಬರಬಹುದು.

ಆದರೆ ನಾಲೆ ಏರಿಯನ್ನು ಉದ್ಯಾನದ ದಾರಿ ಎಂದು ತಿಳಿಯಬೇಡಿ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ತಡೆಗೋಡೆ ಇಲ್ಲದ ಏರಿ, ಜಾರುವ ಗೋಡೆಯ ನಾಲೆ, ಒಳಗೆ ಬಿದ್ದರೆ ಹಿಡಿದು ಹತ್ತಲು ಏನೂ ಇಲ್ಲ. ಈಜು ಬಂದರೂ ಪ್ರಯೋಜನವಿಲ್ಲ. ನೀರಿನ ಕಡೆಯ ಅಂಚಿನಿಂದ ಯಾವಾಗಲೂ ದೂರ ಇರಿ, ಇಬ್ಬರಿದ್ದರೆ ಒಬ್ಬರ ಹಿಂದೆ ಒಬ್ಬರು. ಎದುರಿಗೆ ಟ್ರ್ಯಾಕ್ಟರ್ ಬಂದರೆ ಗದ್ದೆ ಬದಿಗೆ ಇಳಿದು ನಿಂತುಬಿಡಿ. ಮಕ್ಕಳನ್ನು ಕರೆದೊಯ್ಯುವುದಾದರೆ ನಾಲೆಗೆ ನೀರು ನಿಲ್ಲಿಸಿದ ದಿನಗಳನ್ನು ನೋಡಿಕೊಳ್ಳಿ. ನೀರು ಬಿಡುವ, ನಿಲ್ಲಿಸುವ ದಿನ ಪತ್ರಿಕೆಯಲ್ಲಿ ಬರುತ್ತದೆ.

ಯಾವ ಸೈಕಲ್?

ಇದ್ದ ಸೈಕಲ್ಲೇ ಸಾಕು, ಮೂರು ವಿಷಯ ಸರಿಯಿದ್ದರೆ. ಬ್ರೇಕು ಮೊದಲನೆಯದು. ರಿಮ್ಮು ಒತ್ತುವ ರಬ್ಬರ್ ಬ್ರೇಕು ಒದ್ದೆಯಾದಾಗ ತಡವಾಗಿ ಹಿಡಿಯುತ್ತದೆ, ಆದ್ದರಿಂದ ಮಂಜು ಬಿದ್ದ ಬೆಳಿಗ್ಗೆ ಇಳಿಜಾರು ಬರುವ ಮುಂಚೆಯೇ ಒಂದೆರಡು ಸಲ ಒತ್ತಿ ನೀರು ಒರೆಸಿಕೊಳ್ಳಿ. ಎರಡನೆಯದು ಟೈರು. ಪೇಟೆಯ ಸಪೂರ ಟೈರಿಗಿಂತ 35ರಿಂದ 40 ಮಿಲಿಮೀಟರ್ ಅಗಲದ್ದು ನಮ್ಮ ಜಲ್ಲಿ ಎದ್ದ ರಸ್ತೆಗೆ ಹೇಳಿ ಮಾಡಿಸಿದ್ದು. ಗಾಳಿ ಕಲ್ಲಿನಂತೆ ತುಂಬಿಸಬೇಡಿ. ಮೂರನೆಯದು ಗೇರು: ಮುಂದಿನ ಹಲ್ಲುಚಕ್ರದ ಹಲ್ಲು ಹಿಂದಿನದಕ್ಕಿಂತ ಹೆಚ್ಚಿಲ್ಲದ ಒಂದು ಜೋಡಿ ಇರಬೇಕು. ಹಳ್ಳ ದಾಟಿ ಹತ್ತುವಾಗ ಅದು ಬೇಕೇ ಬೇಕು.

ಸರ್ಕಾರ 2006–07ರಿಂದ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಇನ್ನೂ ಎಷ್ಟೋ ಕೊಟ್ಟಿಗೆಗಳಲ್ಲಿವೆ. ಗೇರಿಲ್ಲದ ಅವೂ ಗದ್ದೆ ಬಯಲಿನ ರಸ್ತೆಗೆ ಸಾಲುತ್ತವೆ. ಬ್ರೇಕಿನ ರಬ್ಬರ್, ಕೇಬಲ್, ಟೈರು ಹೊಸದು ಹಾಕಿಸಿ, ಏರು ಬಂದಲ್ಲಿ ಇಳಿದು ತಳ್ಳಿ. ತಳ್ಳುವುದರಲ್ಲಿ ಅವಮಾನ ಏನಿಲ್ಲ.

ಜೊತೆಗೆ ಒಂದು ಟ್ಯೂಬು, ಕೈಪಂಪು, ಟೈರು ಬಿಚ್ಚುವ ಪಟ್ಟಿ, ನೀರು, ಟಾರ್ಚು. ಹೆಲ್ಮೆಟ್ ಹಾಕದೆ ಇಳಿಜಾರಿಗೆ ಬಿಡಬೇಡಿ. ಒಳ ಊರುಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ, ಆದ್ದರಿಂದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಮನೆಯವರಿಗೆ ಹೇಳಿ ಹೊರಡಿ.

ಕಾಲ, ಹೊತ್ತು

ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಬೇಡ. ಮಳೆಗೆ ಹೆದರಿ ಅಲ್ಲ. ಧರೆ ಕುಸಿತ, ಮುರಿದು ಬೀಳುವ ಮರ, ನೀರಿನಡಿ ಹೋದ ಕಿರುಸೇತುವೆ ಇವುಗಳಿಗೆ. ಗಂಗಾಮೂಲದ ಕಡೆ ರಾತ್ರಿ ಸುರಿದ ಮಳೆ ನಿಮ್ಮೂರಲ್ಲಿ ಬಿಸಿಲಿರುವಾಗಲೇ ಹೊಳೆಯಲ್ಲಿ ಬಂದು ಸೇರುತ್ತದೆ. ಸಂಕದ ಮೇಲೆ ನೀರು ಹರಿಯುತ್ತಿದ್ದರೆ ಅದು ಪಾದ ಮುಳುಗುವಷ್ಟೇ ಇದ್ದರೂ ದಾಟಬಾರದು.

ನವೆಂಬರಿನಿಂದ ಫೆಬ್ರವರಿಯವರೆಗೆ ಹದವಾದ ಕಾಲ. ಆದರೆ ಅದೇ ಅಡಿಕೆ, ಕಾಫಿ ಕೊಯ್ಲಿನ ಕಾಲವೂ ಹೌದು. ಆಳುಗಳನ್ನು ಕರೆತರುವ ಜೀಪು, ಪಿಕಪ್ಪು ಬೆಳಿಗ್ಗೆ ಎಂಟರ ಸುಮಾರಿಗೆ ಒಳರಸ್ತೆಗಳಲ್ಲೇ ಓಡುತ್ತವೆ, ಶಾಲೆಯ ವ್ಯಾನುಗಳೂ ಆಗಲೇ. ಬೆಳಕು ಹರಿದ ಕೂಡಲೆ ಹೊರಟು ಎಂಟಕ್ಕೆ ಎಲ್ಲಾದರೂ ಕೂತು ತಿಂಡಿ ತಿಂದು, ಒಂಬತ್ತೂವರೆಯ ಮೇಲೆ ವಾಪಸ್ಸಾಗುವುದು ಜಾಣತನ. ಶೃಂಗೇರಿ ಸುತ್ತ ಶನಿವಾರ, ಭಾನುವಾರ, ನವರಾತ್ರಿ, ಶಾಲಾ ರಜೆ ಬಿಡಿ. ನರಸಿಂಹರಾಜಪುರದ ಕಡೆ ಭಾನುವಾರವೂ ನಡೆಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದ ವಾರ ಸಿಕ್ಕಿದರೆ ಬಿಡಬೇಡಿ.

ಎಚ್ಚರಿಕೆ

ಉಣುಗು: ಸೈಕಲ್ಲಿಗೆ ಒಳ್ಳೆಯ ಕಾಲವೇ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಈ ಕಾಯಿಲೆ ನಮ್ಮ ಮೂರೂ ತಾಲ್ಲೂಕಿನಲ್ಲಿ ಕಾಣಿಸಿಕೊಂಡಿದೆ, ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಉಣುಗು ಇರುವುದು ಟಾರು ರಸ್ತೆಯಲ್ಲಿ ಅಲ್ಲ. ನೀವು ದಣಿವಾರಿಸಿಕೊಳ್ಳಲು ಕೂರುವ ತರಗೆಲೆಯ ಮೇಲೆ, ಸೈಕಲ್ ಒರಗಿಸುವ ಪೊದೆಯಲ್ಲಿ. ಆದ್ದರಿಂದ ಕಾನಿನ ಅಂಚಿನಲ್ಲಿ ಕೂರಬೇಡಿ. ಮೋರಿ ಕಟ್ಟೆ, ಬಸ್ ತಂಗುದಾಣ, ಶಾಲೆಯ ಜಗಲಿ ಸಾಕು. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕಾಲಿಗೆ, ಕೈಗೆ ಹಚ್ಚಿಕೊಳ್ಳಿ. ಮನೆಗೆ ಬಂದು ಬಿಸಿನೀರು ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಮಂಗ ಸತ್ತ ಸುದ್ದಿಯಿದ್ದ ಊರಿನ ಕಡೆ ಹೋಗಲೇಬೇಡಿ. ಒಂದು ವಾರ, ಹತ್ತು ದಿನದಲ್ಲಿ ತಟ್ಟನೆ ಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ ಮಾತ್ರೆ ನುಂಗಿ ಮಲಗದೆ, ಕಾಡಂಚಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಆನೆ: ನರಸಿಂಹರಾಜಪುರ, ಬಾಳೆಹೊನ್ನೂರು ಭಾಗದಲ್ಲಿ ಈಚಿನ ವರ್ಷಗಳಲ್ಲಿ ಕಾಡಾನೆಗೆ ಸಿಕ್ಕಿ ಜನ ಪ್ರಾಣ ಕಳೆದುಕೊಂಡಿದ್ದಾರೆ. ಸೈಕಲ್ ಸದ್ದು ಮಾಡುವುದಿಲ್ಲ, ಅದೇ ಅಪಾಯ. ತಿರುವು ದಾಟಿದ ಮೇಲೇ ಇಬ್ಬರೂ ಒಬ್ಬರನ್ನೊಬ್ಬರು ಕಾಣುವುದು. ಹಿಂದಿನ ಸಂಜೆ ಊರಿನ ವಾಟ್ಸ್‌ಆ್ಯಪ್ ಗುಂಪು ನೋಡಿ, ಅರಣ್ಯ ಇಲಾಖೆಯವರನ್ನು ಕೇಳಿ. ಹಸಿ ಲದ್ದಿ, ಮುರಿದ ಬೈನೆ ಮರ ಕಂಡರೆ ಅಲ್ಲಿಂದಲೇ ತಿರುಗಿ. ನಸುಕಿಗೆ, ಕತ್ತಲಾದ ಮೇಲೆ ಬೇಡವೇ ಬೇಡ. ಭದ್ರಾ ಹುಲಿ ಮೀಸಲಿನ ಒಳಗೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳದಾರಿಗಳಲ್ಲಿ ಅನುಮತಿಯಿಲ್ಲದೆ ಕಾಲಿಡಬಾರದು.

ಹಾವಸೆ: ನೆರಳಿನಲ್ಲಿರುವ ಕಾಂಕ್ರೀಟು ರಸ್ತೆ ಮಳೆ ನಿಂತು ತಿಂಗಳಾದರೂ ಹಾವಸೆ ಕಟ್ಟಿ ಜಾರುತ್ತದೆ. ಹಸಿರು ಕಂಡಲ್ಲಿ ಬ್ರೇಕು ಹಿಡಿಯದೆ, ಹ್ಯಾಂಡಲ್ ತಿರುಗಿಸದೆ, ನೇರ ನಿಧಾನ ದಾಟಿ. ಎಸ್ಟೇಟ್ ಬಾಯಲ್ಲಿ ದನ ದಾಟದಂತೆ ಹಾಕಿದ ಕಬ್ಬಿಣದ ಪೈಪುಗಳನ್ನೂ ನೇರವಾಗಿಯೇ ದಾಟಬೇಕು, ಓರೆಯಾದರೆ ಚಕ್ರ ಸಿಕ್ಕಿಕೊಳ್ಳುತ್ತದೆ.

ನಾಯಿ: ತೋಟದ ಮನೆಯ ನಾಯಿ ಓಡುವುದನ್ನು ಅಟ್ಟುತ್ತದೆ. ಇಳಿದು, ಸೈಕಲ್ಲನ್ನು ನಡುವೆ ಹಿಡಿದು ನಡೆಯಿರಿ. ಬೊಗಳುವುದು ನಿಲ್ಲುವುದಿಲ್ಲ, ಕಚ್ಚುವ ಹುರುಪು ಇಳಿಯುತ್ತದೆ.

ಸಾಮಾನ್ಯ ತಪ್ಪುಗಳು

ತೂಗುಸೇತುವೆಯ ಮೇಲೆ ತುಳಿಯುವುದು. ಅದು ನಡೆಯುವವರಿಗೆ ಕಟ್ಟಿದ್ದು. ಇಳಿದು, ತಳ್ಳಿಕೊಂಡು, ಒಬ್ಬರಾದ ಮೇಲೆ ಒಬ್ಬರು ದಾಟಿ. ಎದುರಿಗೆ ಹುಲ್ಲಿನ ಹೊರೆಯವರು ಬಂದರೆ ನೀವೇ ಹಿಂದೆ ಸರಿಯಬೇಕು.

ದಣಪೆ ಸರಿಸಿ ಒಳಗೆ ಹೋಗಿ ಹಾಗೇ ಬಿಟ್ಟುಬರುವುದು. ನಿಮ್ಮ ಹಿಂದೆಯೇ ದನ ನುಗ್ಗಿ ಸಸಿ ತಿಂದರೆ ಆ ದಾರಿ ಮುಂದೆ ಯಾವ ಸೈಕಲ್ಲಿನವರಿಗೂ ಸಿಗುವುದಿಲ್ಲ. ಖಾಸಗಿ ತೋಟದ ದಾರಿಯಾದರೆ ಮನೆಯವರನ್ನು ಕೇಳಿಯೇ ಹೋಗಿ.

ಉದ್ದಕ್ಕೂ ಬ್ರೇಕು ಅದುಮಿಕೊಂಡು ಇಳಿಯುವುದು. ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹಿಂದಿನದು, ಮುಂದಿನದು ಎರಡನ್ನೂ ಒತ್ತಿ, ಬಿಟ್ಟು, ಮತ್ತೆ ಒತ್ತಿ. ತಿರುವಿಗೆ ಮುಂಚೆ ನಿಧಾನ ಮಾಡಿ, ತಿರುವಿನ ಒಳಗಲ್ಲ.

ಬೆವರು ಸುರಿಯಿತೆಂದು ಹೊಳೆಗೆ ಇಳಿಯುವುದು. ಬೇಸಿಗೆಯಲ್ಲೂ ತುಂಗೆ, ಭದ್ರೆಯ ಬಂಡೆಗಳ ನಡುವೆ ಆಳದ ಗುಂಡಿಗಳಿವೆ, ಮೇಲಿಂದ ಗೊತ್ತಾಗುವುದಿಲ್ಲ. ಊರವರು ಇಳಿಯುವ ಜಾಗದಲ್ಲಿ ಮುಖ ತೊಳೆದುಕೊಂಡರೆ ಸಾಕು.

ವಾಪಸ್ಸಿಗೆ ಬಸ್ಸು ನಂಬಿಕೊಳ್ಳುವುದು. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಒಳ ಊರುಗಳಿಗೆ ಬಸ್ಸು ಕಡಿಮೆಯಾಗಿದೆ. ಬರುವ ಬಸ್ಸಿನ ನೆತ್ತಿಯ ಮೇಲೆ ಸೈಕಲ್ ಹಾಕಿಸಿಕೊಳ್ಳುವುದು ಕಂಡಕ್ಟರ ಮರ್ಜಿ.

ಎಲ್ಲಿಂದ ಶುರು ಮಾಡುವುದು?

ಕೊಪ್ಪದವರು ಪೇಟೆಯಿಂದ ತುಳಿದು ಹೊರಡುವ ಹಟ ಬಿಡಿ. ಸೈಕಲ್ಲನ್ನು ಗಾಡಿಯಲ್ಲಿ ಹರಿಹರಪುರದವರೆಗೆ ಒಯ್ದು, ಮಠದ ಹತ್ತಿರ ಹೊಳೆ ನೋಡಿಕೊಂಡು, ಅಲ್ಲಿಂದ ತುಂಗೆಯ ಕಣಿವೆಯ ಒಳರಸ್ತೆಗಳಲ್ಲಿ ಹೋಗಿ ಅಲ್ಲಿಗೇ ಬನ್ನಿ. ಆ ನೂರು ಮೀಟರಿನ ಏರು ಉಳಿದರೆ ಉಳಿದದ್ದೆಲ್ಲ ಸುಖ.

ಭದ್ರೆಯ ಕಡೆ ಬಾಳೆಹೊನ್ನೂರನ್ನು ಕೇಂದ್ರ ಮಾಡಿಕೊಳ್ಳಬಹುದು. ಅಲ್ಲಿಂದ ಕೆಳಗೆ ಹೊಳೆಯ ದಡದ ಖಾಂಡ್ಯದ ಮಾರ್ಕಂಡೇಶ್ವರ ದೇವಸ್ಥಾನದವರೆಗೆ ಒಂದು ಬೆಳಗಿನ ಗುರಿ. ಅದರಾಚೆ ಹುಲಿ ಮೀಸಲು ಹತ್ತಿರವಾಗುತ್ತದೆ, ಮುಂದುವರಿಯಬೇಡಿ.

ನರಸಿಂಹರಾಜಪುರದ್ದು ಬೇರೆಯೇ ಲೋಕ. ಭದ್ರಾ ಜಲಾಶಯ ತುಂಬಿದಾಗ ಊರುಗಳ ಜೊತೆ ಅವುಗಳ ರಸ್ತೆಗಳೂ ಮುಳುಗಿದವು. ತರೀಕೆರೆಯಿಂದ ಇಲ್ಲಿಗೆ ಒಂದು ಕಾಲದಲ್ಲಿ ಕಿರುಹಳಿಯ ರೈಲೂ ಇತ್ತು. ಈಗ ಹಲವು ರಸ್ತೆಗಳು ಹಿನ್ನೀರಿಗೆ ಬಂದು ಸುಮ್ಮನೆ ನೀರಿನೊಳಗೆ ಇಳಿದುಬಿಡುತ್ತವೆ. ಹಾದುಹೋಗುವ ವಾಹನವೇ ಇಲ್ಲದ ರಸ್ತೆ ಎಂದರೆ ಇವೇ. ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿ ನೋಡಿ ಸುತ್ತಮುತ್ತಲ ಹಿನ್ನೀರಿನ ಊರುಗಳಿಗೆ ಹೋಗಿಬನ್ನಿ. ಜಲಾಶಯದ ಪೂರ್ಣ ಮಟ್ಟ 186 ಅಡಿ. ಪತ್ರಿಕೆಯಲ್ಲಿ ಮಟ್ಟ ಅದಕ್ಕೆ ಹತ್ತಿರವಿದ್ದರೆ ರಸ್ತೆ ಬೇಗ ಮುಗಿಯುತ್ತದೆ, ಬೇಸಿಗೆಯಲ್ಲಿ ಇಳಿದಾಗ ಆಚೆಗೆ ಹುಲ್ಲು ಬಯಲು ತೆರೆಯುತ್ತದೆ. ನೀರು ಈಚೆಗೆ ಬಿಟ್ಟುಹೋದ ಕೆಸರಿಗೆ ಮಾತ್ರ ಸೈಕಲ್ ಇಳಿಸಬೇಡಿ. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಹಸಿಯಿರುತ್ತದೆ, ಕಾಲು ಹೂತರೆ ಕೀಳುವುದು ಕಷ್ಟ.

ತೀರಾ ಹೊಸಬರಿಗೆ ನನ್ನ ಮತ ಶೃಂಗೇರಿ–ಕಿಗ್ಗ ರಸ್ತೆಗೆ. ಸುಮಾರು 10 ಕಿಲೋಮೀಟರ್, ಗದ್ದೆ–ತೋಟಗಳ ನಡುವೆ, ಕೊನೆಗೆ ಋಷ್ಯಶೃಂಗ ದೇವಸ್ಥಾನ. ಅಲ್ಲಿಗೇ ನಿಲ್ಲಿಸಿ, ಅಲ್ಲಿಂದ ಸಿರಿಮನೆ ಜಲಪಾತದ ಕಡೆಯ ದಾರಿ ಕಾಲು ಪಳಗಿದ ಮೇಲಿನ ಮಾತು. ಮಂಗಳವಾರವೋ ಬುಧವಾರವೋ ಬೆಳಕು ಹರಿದ ಮೇಲೆ ಹೊರಡಿ. ಭಾನುವಾರ ಅದೇ ರಸ್ತೆಯಲ್ಲಿ ಜಲಪಾತಕ್ಕೆ ಹೋಗುವ ಕಾರು, ಜೀಪುಗಳ ಸಾಲು ಇರುತ್ತದೆ.